ಬಾಸ್ಕೆಟ್‌ಬಾಲ್ ಕೋರ್ಟಿನ ರಾಗಿ

ನಾನು ಆರನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಹೊರಬಂದವನು. ಆದ್ದರಿಂದ ನನಗೆ ತಿಳಿಯದ ವಿಷಯ ಲೋಕದಲ್ಲಿ ಯಾವುದೂ ಇಲ್ಲ. ಓದಿದವರಿಗೆ ‘ಈ ಪಾಠ ನಮಗಿರಲಿಲ್ಲ’ ಎಂದು ತಪ್ಪಿಸಿಕೊಳ್ಳುವ ಅನುಕೂಲವಿದೆ; ನನಗೆ ಯಾವ ಪಾಠವೂ ಇರಲಿಲ್ಲವಾದ್ದರಿಂದ ಎಲ್ಲದಕ್ಕೂ ಉತ್ತರ ಕೊಡಬೇಕಾಗುತ್ತದೆ. ಬಿಡದಿಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ. ನಮ್ಮೂರು ಬೈರಮಂಗಲದ ಕಡೆ ಎಂದು ತಿಳಿದರೆ ಗೇಟು ಮಾಡಿಸಲು ಬಂದವರು ಗೇಟಿನ ಮಾತು ಬಿಟ್ಟು ಇದನ್ನೇ ಕೇಳುತ್ತಾರೆ: “ಅಣ್ಣ, ನಿಮ್ಮೂರಲ್ಲಿ ಒಬ್ಬ ಉದ್ದನೆ ಹುಡುಗ ಬಾಸ್ಕೆಟ್‌ಬಾಲ್ ಆಡ್ತಿದ್ನಲ್ಲ, ಯಾಕೆ ನಿಲ್ಲಿಸ್ಬುಟ್ಟ?”

ಆ ಉದ್ದನೆ ಹುಡುಗ ರುದ್ರ, ನಮ್ಮ ಪಕ್ಕದ ಮನೆಯವನು. ಅವನ ಆಟ ಕೆಟ್ಟಿದ್ದಕ್ಕೆ ಊರಲ್ಲಿ ಮನೆಗೊಂದು ಕಾರಣವಿದೆ. ದೃಷ್ಟಿ ತಾಗಿತು ಎನ್ನುವವರಿದ್ದಾರೆ. ಮುದ್ದೆ ಬಿಟ್ಟು ಬೇಯಿಸಿದ ಮೊಟ್ಟೆ ತಿಂದ, ಮೈ ಹಗುರಾಯ್ತು ಎನ್ನುವವರಿದ್ದಾರೆ. ಯಾವುದೋ ಹುಡುಗಿ ಎನ್ನುವವರಂತೂ ಎಲ್ಲ ಊರಲ್ಲೂ ಇರುತ್ತಾರೆ. ನಾನು ಹೇಳುವ ಕಾರಣ ರಾಗಿ. ತಿಂದ ರಾಗಿಯಲ್ಲ, ಒಣಹಾಕಿದ ರಾಗಿ.

ಹಿಂದೆ ಊರ ಹೊರಗೆ ಎಲ್ಲರಿಗೂ ಒಂದೊಂದು ಕಣ ಇರುತ್ತಿತ್ತು. ನೆಲ ಕೆತ್ತಿ, ಸಗಣಿ ಸಾರಿಸಿ, ನಡುವೆ ಮೇಟಿ ಎಂಬ ಕಂಬ ನೆಟ್ಟು, ಅದರ ಸುತ್ತ ಎತ್ತು ತಿರುಗಿಸಿ ರಾಗಿ ತುಳಿಸುತ್ತಿದ್ದರು. ಕಣಕ್ಕೆ ಪೂಜೆ, ಮೆಟ್ಟು ಹಾಕಿಕೊಂಡು ಯಾರೂ ಕಾಲಿಡುವಂತಿಲ್ಲ. ಎತ್ತು ಹೋದವು, ಎತ್ತಿನ ಜೊತೆ ಸಗಣಿ ಹೋಯಿತು, ಸಗಣಿಯ ಜೊತೆ ಕಣವೂ ಹೋಯಿತು. ಆಮೇಲೆ ಎಲ್ಲೆಲ್ಲಿ ಸಿಮೆಂಟು ಕಾಣುತ್ತದೋ ಅಲ್ಲೆಲ್ಲ ನಮ್ಮವರಿಗೆ ಕಣವೇ ಕಾಣತೊಡಗಿತು.

ಇಂಥ ಕಾಲದಲ್ಲಿ ಶಾಲೆಯ ಪಿಟಿ ಮೇಷ್ಟ್ರು ಪಂಚಾಯ್ತಿಯನ್ನು ಕಾಡಿ ಬೇಡಿ ಒಂದು ಬಾಸ್ಕೆಟ್‌ಬಾಲ್ ಕೋರ್ಟು ಹಾಕಿಸಿದರು. ನೆಲ ಕನ್ನಡಿಯ ಹಾಗಿತ್ತು. ಎರಡೂ ತುದಿಯ ಕಂಬ, ರಿಂಗು ನನ್ನ ಕೈಕೆಲಸ; ಆನೆ ಕಟ್ಟಿದರೂ ಅಲ್ಲಾಡುವುದಿಲ್ಲ ಎಂದು ನಾನೇ ಹೇಳಬೇಕು, ಬೇರೆ ಯಾರೂ ಹೇಳಲಿಲ್ಲ. ರುದ್ರನ ಅಜ್ಜಿ ನಿಂಗಮ್ಮ ಬಂದು ಸುತ್ತಲೂ ನೋಡಿ, “ಏನ್ಲಾ ನಂಜ, ಒಂದ್ ಕಣಕ್ಕೆ ಎಲ್ಡ್ ಮೇಟಿ ಯಾಕ್ಲಾ? ಅದೂ ಅಂಚ್ನಾಗೆ?” ಎಂದು ನನ್ನನ್ನೇ ಬೈದಳು. ಬೈದರೂ ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ ಹೋದಳು. ಕೋರ್ಟಿನ ಹಣೆಬರಹ ಅಂದೇ ತೀರ್ಮಾನವಾಯಿತು.

ರುದ್ರ ಅಲ್ಲಿ ಚೆನ್ನಾಗಿಯೇ ಬೆಳೆದ. ಜಿಲ್ಲೆಗೆ ಆಡಿದ. ಬೆಂಗಳೂರಿನಲ್ಲಿ ರಾಜ್ಯ ತಂಡದ ಆಯ್ಕೆಗೆ ಕರೆ ಬಂತು. ಅದರಲ್ಲಿ ಗೆದ್ದರೆ ಮುಂದೆ ಒಂದು ನೌಕರಿಗೂ ದಾರಿಯಾಗುತ್ತದೆ. ವಯಸ್ಸಿನ ಲೆಕ್ಕದಲ್ಲಿ ಅವನಿಗದು ಕೊನೆಯ ಅವಕಾಶ ಎಂದು ಮೇಷ್ಟ್ರು ಹೇಳಿದರು. ಕರೆ ಬಂದದ್ದು ಒಕ್ಕಣೆಯ ಸುಗ್ಗಿಯಲ್ಲಿ. ಅಷ್ಟರಲ್ಲಿ ಕೋರ್ಟಿನ ತುಂಬ ರಾಗಿ.

ಮೇಷ್ಟ್ರು ನಿಂಗಮ್ಮನ ಮುಂದೆ ಕೈಮುಗಿದರು. “ಅಮ್ಮಾ, ನಿಮ್ಮ ಮೊಮ್ಮಗನ ಭವಿಷ್ಯ ಇದು.”

“ಇರ್ಲಿ ಬುಡಿ ಮೇಷ್ಟ್ರೇ. ಭವಿಷ್ಯಕ್ಕೇನು ಮಳೆ ಬಿದ್ರೆ ಮೊಳಕೆ ಬಂದ್ಬುಡ್ತದಾ? ಒಸಿ ಮೂಲೆ ಬುಟ್ಟಿವ್ನಿ, ಅಲ್ಲೇ ಆಡ್ಕೊಳ್ಳಿ.”

ಆ ಮೂಲೆಯಲ್ಲಿ ರುದ್ರ ಬರಿಗಾಲಲ್ಲಿ ನಿಂತ. ಮೇಷ್ಟ್ರು ಕೊಡಿಸಿದ ಶೂ ಕೋರ್ಟಿನ ಹೊರಗೆ ಬಾಯಿಬಿಟ್ಟುಕೊಂಡು ಕೂತಿರುತ್ತಿತ್ತು. ಚೆಂಡು ಪುಟಿಸಿಕೊಂಡು ಓಡಲು ಜಾಗವಿಲ್ಲ, ನಿಂತಲ್ಲಿಂದಲೇ ಎಸೆಯಬೇಕು. ಗುರಿ ತಪ್ಪಿದರೆ ಚೆಂಡು ರಾಗಿಗೆ ಬೀಳುತ್ತದೆ, ಬಿದ್ದರೆ ಅಜ್ಜಿ ಪೊರಕೆ ಎತ್ತುತ್ತಾಳೆ. ಅಂಥ ಕೋಚು ಯಾವ ದೇಶದ ತಂಡಕ್ಕೂ ಇರಲಾರದು. ಕೆಲವೇ ದಿನಗಳಲ್ಲಿ ಹುಡುಗ ಗುರಿ ತಪ್ಪುವುದನ್ನೇ ಮರೆತ.

ಆಯ್ಕೆಗೆ ಅಂಗಡಿ ಮುಚ್ಚಿ ನಾನೂ ಹೋದೆ. ನುಣ್ಣನೆ ಮರದ ನೆಲ. ನಮ್ಮೂರಿನವರು ಕಂಡಿದ್ದರೆ ಹುರುಳಿ ಮೂಟೆ ಹೊತ್ತು ತರುತ್ತಿದ್ದರು. ಮೊದಲು ನಿಂತು ಎಸೆಯುವ ಪರೀಕ್ಷೆ. ರುದ್ರ ಎಸೆದದ್ದೆಲ್ಲ ರಿಂಗಿನೊಳಗೇ. ಆಯ್ಕೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರು ನನ್ನ ತೊಡೆ ಹಿಂಡಿದರು. ಆಮೇಲೆ ಆಟ ಶುರುವಾಯಿತು. ಚೆಂಡು ಯಾರದೋ ಕೈಜಾರಿ ಉರುಳಿತು, ರುದ್ರನಿಗೇ ಹತ್ತಿರ. ನುಗ್ಗಿದ. ಎರಡು ಹೆಜ್ಜೆ ಇಟ್ಟು ಗಕ್ಕನೆ ನಿಂತ. ಮತ್ತೆ ಚೆಂಡು ಬಂತು, ಮತ್ತೆ ನಿಂತ. ಉಳಿದವರು ಅವನ ಸುತ್ತ, ಮೇಟಿಯ ಸುತ್ತ ತಿರುಗುವ ಎತ್ತುಗಳ ಹಾಗೆ ಓಡುತ್ತಿದ್ದರು.

ಆಯ್ಕೆಯವರೊಬ್ಬರು ಕೇಳಿದರು, “ಯಾಕಪ್ಪ ನಿಂತುಬಿಡ್ತೀಯ? ಕಾಲು ನೋವಾ?”

“ಇಲ್ಲ ಸಾ. ಮುಂದೆ ರಾಗಿ ಐತೇನೋ ಅನ್ನಿಸ್ಬುಡ್ತದೆ.”

ಅವರು ಏನನ್ನೋ ಬರೆದುಕೊಂಡರು. ಬರೆದದ್ದು ಒಳ್ಳೆಯದಲ್ಲ ಎಂದು ಓದು ಬಾರದವನಿಗೂ ತಿಳಿಯುವಂತಿತ್ತು.

ಊರಿಗೆ ಬಂದಾಗ ನಿಂಗಮ್ಮ ಕೇಳಿದ್ದು ಒಂದೇ ಮಾತು. “ಅಲ್ಲಿ ರಾಗಿ ಇರ್ನಿಲ್ವಾ? ಮತ್ಯಾಕ್ಲಾ ನಿಂತೆ, ಪೆದ್ದ್ ಮುಂಡೇದೆ?” ರುದ್ರ ಆ ಸಂಜೆ ಚೆಂಡನ್ನು ಅಟ್ಟಕ್ಕೆ ಹಾಕಿದ. ಈಗ ಬಿಡದಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ಎತ್ತರದ ಕಪಾಟಿನಿಂದ ಸಾಮಾನು ಇಳಿಸಲು ಅವನಿಗೆ ಏಣಿ ಬೇಡ.

ಕಳೆದ ಸುಗ್ಗಿಯಲ್ಲಿ ರಾಗಿ ವಿಪರೀತ ಬಂತು. ಗ್ರಾಮಸಭೆಯಲ್ಲಿ ಊರಿಗೆ ಊರೇ ಎದ್ದು ನಿಂತು, ಇನ್ನೊಂದು ಬಾಸ್ಕೆಟ್‌ಬಾಲ್ ಕೋರ್ಟು ಬೇಕೇ ಬೇಕು ಎಂದು ಕೂಗಿತು. ಕ್ರೀಡೆಗೆ ಇಷ್ಟು ಒಗ್ಗಟ್ಟಿನ ಬೆಂಬಲ ಕಂಡು ಅಧಿಕಾರಿಯ ಕಣ್ಣು ತುಂಬಿತು. ಊರಿನ ಹೆಮ್ಮೆಯ ಆಟಗಾರ ಎಂದು ರುದ್ರನನ್ನೇ ಮುಂದಕ್ಕೆ ತಳ್ಳಿದರು.

ರುದ್ರ ಮೈಕಿನ ಮಟ್ಟಕ್ಕೆ ಬಗ್ಗಿ ಹೇಳಿದ: “ಕೋರ್ಟು ಕೊಡಿ ಸಾ, ಹುಡುಗ್ರು ಆಡ್ತವೆ. ಆದ್ರೆ ಸಿಮೆಂಟ್ ಬ್ಯಾಡ. ಗಟ್ಟಿ ಮಣ್ಣ್ ನೆಲವೇ ಇರ್ಲಿ.”

ಮುಂದಿನ ಸಾಲಿನಲ್ಲಿದ್ದ ನಿಂಗಮ್ಮನೇ ಮೊದಲು ಎದ್ದಳು.

“ಮಣ್ಣಾ? ಅಯ್ಯೋ, ಮಕ್ಕಳ ಕಾಲ್ಗೆ ಕಲ್ಲು ಚುಚ್ಚಕ್ಕಿಲ್ವೇನ್ಲಾ!”

ಎಲ್ಲರೂ ಹೌದು ಹೌದು ಎಂದರು. ಆಟಗಾರರ ಕಾಲಿನ ಬಗ್ಗೆ ನಮ್ಮೂರು ಚಿಂತಿಸಿದ್ದು ಅದೇ ಮೊದಲು.