ಕೋಳಿಮರಿಯ ಅರುಚಿ

ಹಸಿವೆಂಬುದು ಕೇವಲ ಹೊಟ್ಟೆಯ ವ್ಯವಹಾರವೆಂದು ನಂಬಿದ್ದ ನನ್ನ ಪಾಂಡಿತ್ಯವನ್ನು ಅಂಗೈಯಗಲದ ಒಂದು ಕೋಳಿಮರಿ ಮುರಿಯಿತು. ತಟ್ಟೆ ತುಂಬ ಮುಸುಕಿನ ಜೋಳದ ನುಚ್ಚಿದ್ದರೂ ಅದು ಒಂದೆರಡು ಕಾಳು ಕುಕ್ಕಿ, ನಾನು ಮಾಡಿದ ಉಪ್ಪಿಟ್ಟನ್ನು ಕಂಡ ಅತಿಥಿಯಂತೆ, ಸವಿನಯವಾಗಿ ಮುಖ ತಿರುಗಿಸುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಮುಳಬಾಗಿಲಿನಲ್ಲಿ ನಾನು ಶಾಲಾ ಮೇಷ್ಟ್ರು. ಶ್ರೀನಿವಾಸಪುರದ ಕಡೆಯಿಂದ ಹೊಸದಾಗಿ ಮದುವೆಯಾಗಿ ಬಂದ ನನ್ನ ಹೆಂಡತಿ ರತ್ನ ತವರಿನಿಂದ ಆ ಮರಿಯನ್ನೂ ಅದರ ಜೊತೆಯ ಮರಿಗಳನ್ನೂ ತಂದಿದ್ದಳು. ಹದ್ದಿಗೆ ಹೆದರಿ ನನ್ನ ಅಮ್ಮ ಅವನ್ನು ಹಗಲೆಲ್ಲ ಬಿದಿರಿನ ಮಂಕರಿಯಡಿಯಲ್ಲೇ ಮುಚ್ಚಿಟ್ಟು ಜೋಳ ಸುರಿಯುತ್ತಿದ್ದಳು. ಮರಿಗಳು ಸೊರಗಿದವು, ರತ್ನಳೂ ಸೊರಗಿದಳು. ಅಮ್ಮ ಅಕ್ಕರೆಯಿಂದ ಮುದ್ದೆ ಇಟ್ಟರೆ ಅರ್ಧ ಮುರಿದು, ಸಾಕೆನ್ನಲು "ಚಾಲು ಅತ್ತೆ" ಎಂದು ತವರಿನ ತೆಲುಗಿನಲ್ಲೇ ಕೈ ಅಡ್ಡ ಹಿಡಿಯುತ್ತಿದ್ದಳು. ಸೊಸೆಗೂ ಮರಿಗಳಿಗೂ ಸೇರಿಸಿ ಅಮ್ಮ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ನಾನಂತೂ ಹೆದರಿ ಮರಿಯೊಂದನ್ನು ಎತ್ತಿಕೊಂಡು ಪಶು ಆಸ್ಪತ್ರೆಗೆ ಓಡಿದೆ.

ಪಶುವೈದ್ಯರು ಮರಿಯನ್ನು ನೋಡಿ ನಕ್ಕರು. ಮೈ ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದು ಕಡಿಮೆಯಾದರೂ ಸಾಕು, ಮಿಕ್ಕವು ಎಷ್ಟಿದ್ದರೂ ಮೈಗೆ ಹತ್ತುವುದಿಲ್ಲವಂತೆ; ಆ ಕೊರತೆಯನ್ನು ಪುಟ್ಟ ಮಿದುಳು ಪತ್ತೆಹಚ್ಚಿ ಹಸಿವಿನ ಬಾಗಿಲನ್ನೇ ಹಾಕಿಬಿಡುತ್ತದಂತೆ; ಜೋಳದಲ್ಲಿ ಸಾಕಷ್ಟಿಲ್ಲದ ಟ್ರಿಪ್ಟೊಫ್ಯಾನ್ ಎಂಬ ಆಮ್ಲದಿಂದಲೇ ಮಿದುಳು ತನ್ನ ನೆಮ್ಮದಿಯ ರಸವನ್ನು ತಯಾರಿಸಿಕೊಳ್ಳುವುದಂತೆ. "ಇರೋದನ್ನೇ ಇನ್ನಷ್ಟು ಸುರಿದ್ರೆ ಏನು ಬಂತು ಮೇಷ್ಟ್ರೇ? ಇಲ್ದೇ ಇರೋದನ್ನ ಹಾಕಿ" ಎಂದರು.

ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆಹುಳುವನ್ನು ಒಣಗಿಸಿ ಕಡಲೆಕಾಯಿ ಹಿಂಡಿಯೊಡನೆ ಹಾಕಿದೆವು. ನಾತಕ್ಕೆ ನೆರೆಮನೆಯವರು ಕಿಟಕಿ ಮುಚ್ಚಿದರು, ಮರಿಗಳು ಮುಗಿಬಿದ್ದವು.

ಆದರೆ ರತ್ನಳ ತಟ್ಟೆಯಲ್ಲಿ ಇಲ್ಲದ್ದೇನು? ಮುದ್ದೆ, ಅವರೆಕಾಳಿನ ಸಾರು, ತುಪ್ಪ ಎಲ್ಲವೂ ಇದ್ದವು. ತಡೆಯಲಾರದೆ ಕೇಳಿಯೇಬಿಟ್ಟೆ. ಅವಳು ನೆಲ ನೋಡುತ್ತ, "ನಮ್ಮನೇಲಿ ಎಲ್ರೂ ಒಟ್ಗೆ ಕೂತು ತಿಂತಿದ್ವಿ ಕಣ್ರೀ" ಎಂದಳು. ನಮ್ಮಲ್ಲಿ ಅಪ್ಪನೂ ನಾನೂ ಪಡಸಾಲೆಯಲ್ಲಿ ಉಂಡೆದ್ದ ಮೇಲೆ ಅಡುಗೆಮನೆಯ ಗೋಡೆ ನೋಡುತ್ತ ಅವಳೊಬ್ಬಳೇ; ಅವಳಿಗೆ ಬಡಿಸಿದ ಮೇಲೆ ಯಾವಾಗಲೋ ಅಮ್ಮ.

ಮರುದಿನ ತಟ್ಟೆ ಹಿಡಿದು ಅಡುಗೆಮನೆಗೇ ಹೋಗಿ ಕೂತೆ.

"ಏನ್ಲಾ ಇದು, ಹೊಸಾ ಪದ್ಧತಿ?" ಎಂದಳು ಅಮ್ಮ.

"ಡಾಕ್ಟ್ರು ಹೇಳಿದಾರಮ್ಮ."

"ಯಾವ ಡಾಕ್ಟ್ರು?"

"ಕೋಳಿ ಡಾಕ್ಟ್ರು."

ರತ್ನ ಬಿದ್ದು ಬಿದ್ದು ನಕ್ಕಳು; ನಗುತ್ತಲೇ ಮುದ್ದೆ ಮುಗಿಸಿದಳು. ಆಮೇಲೆ ಸೌಟು ಹಿಡಿದು ನಿಂತಿದ್ದ ಅಮ್ಮನ ಸೆರಗು ಜಗ್ಗಿ, "ನೀವೂ ಕೂತ್ಕೊಳ್ಳಿ ಅತ್ತೆ" ಎಂದು ಪಕ್ಕದಲ್ಲೊಂದು ತಟ್ಟೆ ಇಟ್ಟಳು. ಅಮ್ಮ ಸಂಕೋಚದಿಂದಲೇ ಕೂತಳು. ಅವಳು ಊಟ ಮಾಡುವುದನ್ನು ನಾನು ಕಣ್ಣಾರೆ ಕಂಡದ್ದು ಅಂದೇ ಮೊದಲು. ತಟ್ಟೆಯ ಮುಂದೆ ಮುಖ ತಿರುಗಿಸುವ ಮರಿಗಾಗಿ ವೈದ್ಯರ ಬಳಿಗೆ ಓಡಿದ್ದ ನಾನು, ಅಮ್ಮನಿಗೆ ಹುಟ್ಟಾ ಹಸಿವು ಕಡಿಮೆ ಎಂದೇ ಅಷ್ಟು ವರ್ಷ ನಂಬಿದ್ದೆ.

ಅಮ್ಮ ಎರಡನೆಯ ಮುದ್ದೆಗೆ ಕೈ ಚಾಚಿದಳು.