ಮುಷ್ಟಿ ಬಿಡಿಸುವ ಕರೆಂಟು

ಕರೆಂಟೆಂದರೆ ನನಗೆ ಹೆದರಿಕೆ ಎಂದರೆ ನೀವು ನಗುತ್ತೀರಿ, ಏಕೆಂದರೆ ಖಡಕಿಯ ಕಾರ್ಖಾನೆಯಲ್ಲಿ ನಾನು ಮೂವತ್ತನಾಲ್ಕು ವರ್ಷ ಮಾಡಿದ್ದು ಎಲೆಕ್ಟ್ರಿಷಿಯನ್ ಕೆಲಸ. ಹೆದರಿದ್ದಕ್ಕೇ ಇನ್ನೂ ಇದ್ದೇನೆ. ಹೊಸಬರಿಗೆ ನಾನು ಹೇಳಿಕೊಡುತ್ತಿದ್ದ ಪಾಠ ಎರಡೇ. ಸ್ವಿಚ್ ಆಫ್ ಇದೆ ಎಂದು ಯಾರು ಹೇಳಿದರೂ ನಂಬಬೇಡಿ, ಸ್ವತಃ ಪರೀಕ್ಷಿಸಿ. ತಂತಿಯ ಹತ್ತಿರ ಅಂಗೈ ಒಯ್ಯಬೇಡಿ. ಕರೆಂಟು ಹಿಡಿದರೆ ಮುಷ್ಟಿ ತಾನಾಗಿ ಬಿಗಿಯುತ್ತದೆ, ಆಮೇಲೆ ಬಿಡು ಎಂದರೂ ಬಿಡುವುದಿಲ್ಲ.

ಈಗ ನನ್ನ ಬಲಗೈ ಕರೆಂಟಿಲ್ಲದೆಯೇ ಬಿಗಿದುಕೊಂಡು ಕೂತಿದೆ. ಐದು ತಿಂಗಳ ಹಿಂದೆ ಚಹಾ ಕುಡಿಯುತ್ತಿದ್ದಾಗ ಪಾರ್ಶ್ವವಾಯು ಬಡಿಯಿತು. ಹೋದ ಮಾತು ವಾರದಲ್ಲೇ ವಾಪಸು ಬಂತು. ಅದಕ್ಕೆ ಅಷ್ಟೇನು ಅವಸರವಿತ್ತೋ ಎಂದು ಹೆಂಡತಿ ಸುಶೀಲಾ ಕಾಡಿಸುತ್ತಾಳೆ. ಕಾಲೂ ಬಂತು. ಬೆರಳು ಮಾತ್ರ ಬರಲಿಲ್ಲ.

ಅದಕ್ಕಾಗಿ ಕ್ಯಾಂಪ್ ಬಡಾವಣೆಯ ಒಂದು ಕ್ಲಿನಿಕ್ಕಿಗೆ ವಾರಕ್ಕೆ ಮೂರು ಸಲ ಹೋಗುತ್ತೇವೆ. ಅಲ್ಲಿಯ ಫಿಸಿಯೋಥೆರಪಿಸ್ಟ್ ಮುಗ್ಧಾ ನನ್ನ ಮುಂಗೈಯನ್ನು ಒದ್ದೆ ಮಾಡಿ, ಎರಡು ಪ್ಯಾಡ್ ಅಂಟಿಸಿ, ಕರೆಂಟು ಬಿಡುತ್ತಾಳೆ. ಒದ್ದೆ ಕೈಗೆ! ಮೊದಲ ದಿನ ಅರ್ಥಿಂಗ್ ಎಲ್ಲಿದೆ ಎಂದು ಕೇಳಿ ನಗೆಪಾಟಲಾದೆ. ಅದು ಬ್ಯಾಟರಿಯ ಪುಟ್ಟ ಯಂತ್ರ. ಇರುವೆ ಹರಿದಂತೆ ಜುಮುಜುಮು ಎನ್ನುತ್ತದೆ, ಮಣಿಕಟ್ಟು ಮೇಲೇಳುತ್ತದೆ, ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಜನ್ಮವಿಡೀ ಮುಷ್ಟಿ ಬಿಗಿಸುವ ಕರೆಂಟನ್ನೇ ಕಂಡವನಿಗೆ ಬಿಡಿಸುವ ಕರೆಂಟು ಹೊಸದು. ಬಂದ್ ಮಾಡಿದೊಡನೆ ಬೆರಳು ಮತ್ತೆ ಒಳಗೆ.

ಯಂತ್ರ ಬಿಡಿಸುವಾಗ ನೀವೂ ಮನಸ್ಸಿಟ್ಟು ಬಿಡಿಸಬೇಕು ಕಾಕಾ ಎಂದು ಅವಳು ಮರಾಠಿಯಲ್ಲಿ ದಿನಾ ಗದರುತ್ತಾಳೆ. ನನ್ನ ಕಣ್ಣು ಮಾತ್ರ ಯಂತ್ರದ ಅಂಕಿಯ ಮೇಲೆ. ಕೆಲಸವನ್ನು ಕರೆಂಟಿಗೆ ಒಪ್ಪಿಸಿ ಮೀಟರ್ ನೋಡುವುದೇ ನನ್ನ ಹಳೆಯ ಚಾಳಿ. ಒಳಗೊಳಗೆ ಒಂದೇ ದಿಗಿಲು: ತೆರೆದದ್ದೆಲ್ಲ ಯಂತ್ರವೇ ಆಗಿದ್ದರೆ? ನನ್ನ ಪಾಲು ಅದರಲ್ಲಿ ಏನೂ ಇಲ್ಲದಿದ್ದರೆ? ಊಟದ ಹೊತ್ತಿಗೆ ಎಡಗೈಯಲ್ಲಿ ಚಮಚ ಹಿಡಿದಾಗಲೆಲ್ಲ ಇದೇ ಯೋಚನೆ.

ಅಷ್ಟರಲ್ಲಿ ಜೇಜುರಿಗೆ ಹೋಗುವ ದಿನ ಬಂತು. ವರ್ಷಕ್ಕೊಮ್ಮೆ ಅಲ್ಲಿಯ ಬೆಟ್ಟದ ದೇವರು ಖಂಡೋಬಾನಿಗೆ ಭಂಡಾರ, ಅಂದರೆ ಅರಿಶಿನದ ಪುಡಿ, ಎರಚುವುದು ನಮ್ಮ ಮನೆಯ ಪದ್ಧತಿ. ಅದೂ ಯಜಮಾನನ ಬಲಗೈಯಿಂದಲೇ. ನಾನು ಒಲ್ಲೆ ಎಂದೆ.

"ದೇವ್ರೇನ್ ನಿಮ್ಮ ಕೈ ಪರೀಕ್ಷಾ ಮಾಡ್ತಾನೇನ್ರಿ? ಸುಮ್ನ ಬರ್ರಿ," ಎಂದಳು ಸುಶೀಲಾ.

ಕೂತು ಕೂತು ಮೆಟ್ಟಿಲು ಹತ್ತಿದೆ. ಅವಳು ನನ್ನ ಬೆರಳು ಬಿಡಿಸಿ ಭಂಡಾರ ಇಟ್ಟಳು; ಮುಷ್ಟಿ ಮುಚ್ಚಿಕೊಂಡಿತು. ಸುತ್ತಲಿನವರೆಲ್ಲ ಜಯಕಾರ ಹಾಕುತ್ತ ಎರಚಿದರು, ಆಕಾಶವೇ ಹಳದಿಯಾಯಿತು. ನಾನು ಕೈ ಎತ್ತಿ ಜಾಡಿಸಿದೆ. ಒಂದು ಕಣವೂ ಬೀಳಲಿಲ್ಲ. ಅಳು ಬಂತು, ಕಣ್ಣಿಗೆ ಅರಿಶಿನ ಬಿತ್ತು ಎಂದೆ. ಮನೆಗೆ ಬಂದ ಮೇಲೂ ಅಂಗೈ ತೊಳೆಯಲು ಬಿಡಲಿಲ್ಲ. ದೇವರಿಗೆ ಕೊಡಬೇಕಾದದ್ದು ಇನ್ನೂ ನನ್ನ ಹತ್ತಿರವೇ ಇತ್ತಲ್ಲ.

ಮರುದಿನ ಕ್ಲಿನಿಕ್ಕಿನಲ್ಲಿ ಮುಗ್ಧಾ ಪ್ಯಾಡ್ ಅಂಟಿಸಿ ಯಂತ್ರದ ಕಡೆ ತಿರುಗಿದಳು. ಅಂದು ನಾನು ಅಂಕಿ ನೋಡಲಿಲ್ಲ. ಮುಷ್ಟಿಯನ್ನೇ ನೋಡುತ್ತ, ಇನ್ನಾದರೂ ಕೊಟ್ಟುಬಿಡೋ ಎಂದೆ. ಹೆಬ್ಬೆರಳು ಸರಿಯಿತು. ತೋರುಬೆರಳು ಸ್ವಲ್ಪ ಎದ್ದಿತು. ಬಿಳಿ ಚಾದರದ ಮೇಲೆ ಚಿಟಿಕೆ ಹಳದಿ ಬಿತ್ತು.

"ಸ್ವಿಚ್ ಬಂದ್ ಆಹೆ ಕಾ?" ಆಫ್ ಇದೆಯೇ ಎಂದು ಕೂಗಿದೆ.

ಇನ್ನೂ ಹಾಕಿಯೇ ಇಲ್ಲ ಕಾಕಾ ಎಂದಳು ಮುಗ್ಧಾ. ನಾನು ನಂಬಲಿಲ್ಲ. ಎಡಗೈಯಿಂದ ಎರಡೂ ವೈರು ಕಿತ್ತುಹಾಕಿ, ಮತ್ತೊಮ್ಮೆ ಪ್ರಯತ್ನಿಸಿದೆ. ಇನ್ನೊಂದು ಚಿಟಿಕೆ ಬಿತ್ತು.

ಮುಗ್ಧಾ ಚಾದರ ಜಾಡಿಸಲು ಬಂದಳು. ಸುಶೀಲಾ ಅವಳನ್ನು ತಡೆದು, ಬಗ್ಗಿ, ಆ ಭಂಡಾರವನ್ನು ಬೆರಳಲ್ಲಿ ಎತ್ತಿ ಹಣೆಗೆ ಹಚ್ಚಿಕೊಂಡಳು.