ನಾನು ಕುಡಿಯದ ಕಾಫಿ

ಯಲಹಂಕದ ಒಂದು ದರ್ಶಿನಿಯಲ್ಲಿ ಕಾಫಿ ಕೊಡೋದು ನನ್ನ ಕೆಲಸ. ನನಗೆ ಥೈರಾಯ್ಡ್ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಪುಟ್ಟ ಬಿಳಿ ಮಾತ್ರೆ ನುಂಗ್ಬೇಕು, ಆಮೇಲೆ ಅರ್ಧ ಗಂಟೆ ಕಾಫಿ ಮುಟ್ಟಂಗಿಲ್ಲ ಅಂತ ಡಾಕ್ಟರಮ್ಮನ ಆರ್ಡರ್.

ಒಂದಿನ ಮನೇಲಿ ನುಂಗೋದು ಮರೆತು, ಕೌಂಟರ್ ಹತ್ರಾನೇ ಡಬ್ಬಿ ತೆಗೆದು ಮಾತ್ರೆ ನುಂಗಿದೆ. ಕಾಫಿಗೆ ಕಾಯ್ತಾ ಎದುರಿಗಿದ್ದ ಹುಣಸಮಾರನಹಳ್ಳಿ ಗೌಡ್ರು ಡಬ್ಬಿ ನೋಡಿದ್ರು, ನುಂಗಿದ್ದು ನೋಡ್ಲಿಲ್ಲ.

"ಏನ್ಲಾ ಆಕ್ದೆ ನನ್ ಕಾಫಿಗೆ?"

"ಏನೂ ಇಲ್ಲ ಗೌಡ್ರೇ, ಅದು ನನ್ನ ಥೈರಾಯ್ಡ್ ಮಾತ್ರೆ."

"ಅದು ಎಂಗಸ್ರಿಗೆ ಬರೋದು ಕಣ್ಲಾ! ಎಲ್ಲಿ, ನೀನೇ ಕುಡಿ ನೋಡಾನ."

"ಈಗ್ತಾನೇ ಮಾತ್ರೆ ನುಂಗಿದೀನಿ, ಕುಡಿಯಂಗಿಲ್ಲ."

ಅಷ್ಟೇ. ಅಕ್ಕಪಕ್ಕ ಕುಡೀತಿದ್ದೋರೆಲ್ಲ ಲೋಟ ಕೆಳಗಿಟ್ರು. ಓನರ್ ಅಣ್ಣ ಓಡಿ ಬಂದ್ರು. "ಕುಡಿಯೋ! ಇಲ್ಲಾಂದ್ರೆ ಈಗ್ಲೇ ಕೆಲಸ ಬಿಟ್ಟು ಹೋಗು."

ನನಗೆ ಕೆಲಸಾನೂ ಬೇಕು, ನುಂಗಿದ ಮಾತ್ರೇನೂ ದಂಡ ಆಗ್ಬಾರ್ದು. ಗೌಡ್ರ ಲೋಟಾನ ಅಣ್ಣನ ಕೈಗೇ ಕೊಟ್ಟೆ. "ನೀವೇ ಕುಡಿದು ತೋರಿಸಿ ಅಣ್ಣ, ನಿಮ್ಮ ಹೋಟ್ಲು ಕಾಫಿ ಅಲ್ವಾ?"

ಅಣ್ಣ ಲೋಟ ನೋಡಿದ್ರು, ನನ್ನ ಮುಖ ನೋಡಿದ್ರು. ಅವ್ರಿಗೆ ನನ್ನ ಹಳೇ ತರಲೆಗಳೆಲ್ಲ ಒಟ್ಟಿಗೇ ನೆನಪಾದಂಗಿತ್ತು. ಆದ್ರೆ ಜನ ನೋಡ್ತಿದ್ರಲ್ಲ, ಕಣ್ಮುಚ್ಚಿ ಒಂದೇ ಗುಟುಕಿಗೆ ಕುಡಿದ್ರು.

ನಾನು ಮೆಲ್ಲಗೆ ಕೇಳಿದೆ, "ಅಣ್ಣಾ, ತಲೆ ಸುತ್ತುತ್ತಿಲ್ಲ ತಾನೇ?"

ಅಣ್ಣ ಸ್ಟೂಲ್ ಹಿಡ್ಕೊಂಡು ಕೂತ್ಬಿಟ್ರು. ನಾನು ತಮಾಷೆ ಮಾಡಿದ್ದು ಗೊತ್ತಾಗಿ ಗೌಡ್ರು ಹೊಟ್ಟೆ ಹಿಡ್ಕೊಂಡು ನಕ್ಕು, "ನಂಗೊಂದು ಸ್ಟ್ರಾಂಗ್ ಕೊಡ್ಲಾ" ಅಂದ್ರು. ಜನ ಮತ್ತೆ ಲೋಟ ಎತ್ತಿದ್ರು, ನನ್ನ ಕೆಲಸ ಉಳೀತು.

ಥೈರಾಯ್ಡ್ ಇದ್ದೋರು ಸ್ವಲ್ಪ ಮಂಕಾಗಿರ್ತಾರೆ ಅಂತಾರೆ ಡಾಕ್ಟರಮ್ಮ. ನಮ್ಮ ಅಣ್ಣ ಮಾತ್ರ ಅದನ್ನ ಇನ್ನೂ ನಂಬಿಲ್ಲ.